ಕನ್ನಡಿಯ ಮೇಲಿನ ಎಂಬತ್ತೇಳು ಟಿಕಳಿ

ಗೋಕುಲ ರಸ್ತೆಯ ಆ ಕಟ್ಟಡ ಮೊದಲು ಹತ್ತಿಯ ಗೋದಾಮಾಗಿತ್ತು. ಆಮೇಲೆ ಸ್ಟುಡಿಯೋ ಆಯಿತು. ಎರಡು ಸಾವಿರದ ಮೂರರ ಶ್ರಾವಣದಲ್ಲಿ ಮೋಟಾರ್ ಸೈಕಲ್ ಮಾರುವ ಮಳಿಗೆಯಾಗಲು ಅಣಿಯಾಗಿತ್ತು. ಹಳೆಯ ಮಾಲೀಕರು ತೀರಿಕೊಂಡು ವರ್ಷ ತುಂಬಿತ್ತು. ಅವರ ಮಗ ಸೋಮವಾರದಿಂದ ಒಳಗೋಡೆಗಳನ್ನು ಕೆಡವಿಸುವುದೆಂದು ಗೊತ್ತುಮಾಡಿದ್ದ. ಈ ಸುದ್ದಿ ಮುಟ್ಟಿದಾಗ ಮಾಲತೇಶ ಯಾವುದೋ ಹವ್ಯಾಸಿ ನಾಟಕದ ಸಿಪಾಯಿಗೆ ಮೀಸೆ ಬರೆಯುತ್ತಿದ್ದ. ಬಲಗಡೆಯದು ಮುಗಿದಿತ್ತು. ಸುದ್ದಿಯನ್ನು ಪೂರ್ತಿ ಕೇಳಿಸಿಕೊಂಡು, ಎಡಗಡೆಯದನ್ನೂ ಅದೇ ಅಳತೆಗೆ ಮುಗಿಸಿದ.

ಒಂಬತ್ತು ವರ್ಷಗಳಿಂದ ಅವನ ಕೈ ಯಾವುದಕ್ಕೂ ನಡುಗಿರಲಿಲ್ಲ.

ತೊಂಬತ್ತೊಂದರಿಂದ ಮೂರು ವರ್ಷ ಆ ಸ್ಟುಡಿಯೋದಲ್ಲಿ ಒಂದು ಧಾರಾವಾಹಿ ತಯಾರಾಗಿತ್ತು. ವಾರಕ್ಕೊಮ್ಮೆ ಅದು ಬರುವ ಹೊತ್ತಿಗೆ ಟೀವಿ ಇದ್ದವರ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡಲು ಜಾಗವಿರುತ್ತಿರಲಿಲ್ಲ. ಅದರಲ್ಲಿ ಶಾಂತವ್ವನೆಂಬ ಅತ್ತೆಯಾಗಿದ್ದವಳು ದ್ರಾಕ್ಷಾಯಿಣಿ, ನಾಟಕ ಕಂಪನಿಯಿಂದ ಬಂದ ಕಲಾವಿದೆ. ದುರ್ಗದ ಬೈಲಿನಲ್ಲಿ ಕಾಯಿಪಲ್ಲೆ ಕೊಳ್ಳಲು ನಿಂತರೆ ಜನ ಅವಳನ್ನು ಶಾಂತವ್ವಾ ಎಂದೇ ಕರೆದು, ತಮ್ಮ ತಮ್ಮ ಸೊಸೆಯರ ಮೇಲೆ ದೂರು ಹೇಳುತ್ತಿದ್ದರು. ಅವಳಿಗೆ ಬಣ್ಣ ಹಚ್ಚುತ್ತಿದ್ದವನು ಮಾಲತೇಶ. ಸೀರೆ ಕುಪ್ಪಸಗಳನ್ನು ನೋಡಿಕೊಳ್ಳುತ್ತಿದ್ದವಳು ಗುಲ್ಜಾರಬಿ. ಇಬ್ಬರಿಗೂ ಅವಳು ಅಕ್ಕಾರು.

ಅಕ್ಕಾರಿಗೊಂದು ರೂಢಿಯಿತ್ತು. ದಿನದ ಚಿತ್ರೀಕರಣ ಮುಗಿದ ಮೇಲೆ, ಬಣ್ಣ ಒರೆಸಿಕೊಳ್ಳುವುದಕ್ಕೂ ಮೊದಲು, ಹಣೆಯ ಕೆಂಪು ಟಿಕಳಿಯನ್ನು ಕಿತ್ತು ಮೇಕಪ್ ಕೋಣೆಯ ಕನ್ನಡಿಗೆ ಅಂಟಿಸುವಳು. ಶಾಂತವ್ವ ಇಲ್ಲೇ ಇರಲಿ, ನಾನು ಮನೆಗೆ ಹೋಗುತ್ತೇನೆ ಎನ್ನುವಳು. ಮೊದಲ ದಿನದಿಂದ ಕೊನೆಯ ದಿನದವರೆಗೆ ಹಾಗೆ ಎಂಬತ್ತೇಳು ಟಿಕಳಿಗಳು ಕನ್ನಡಿಯ ಎಡಗಡೆ, ಮಳೆ ನಿಂತ ಮೇಲೆ ಗಾಜಿನ ಮೇಲೆ ಉಳಿದ ಹನಿಗಳಂತೆ, ಯಾವ ಸಾಲಿಗೂ ಸೇರದೆ ಕೂತಿದ್ದವು. ಖಂಡೇನವಮಿಯ ದಿನ ಸ್ಟುಡಿಯೋದ ಸಕಲ ಸಾಮಾನುಗಳನ್ನೂ ತೊಳೆದು ಪೂಜೆಗಿಡುವುದು ಅಲ್ಲಿಯ ಕಟ್ಟಳೆ. ಅಂದು ಬೆಳಿಗ್ಗೆ ಅವಳು ಎಲ್ಲರಿಗಿಂತ ಮೊದಲು ಬಂದು ಕನ್ನಡಿಗೆ ತನ್ನ ನೀಲಿ ಅಂಚಿನ ಟವೆಲ್ಲು ಹೊದಿಸುತ್ತಿದ್ದಳು. ಟವೆಲ್ಲು ಕಂಡರೆ ಅದನ್ನು ಬಿಟ್ಟು ಮಿಕ್ಕದ್ದನ್ನು ತೊಳೆಯಬೇಕೆಂದು ಅರ್ಥ. ಪೂಜೆಯಾದ ಮೇಲೆ ಟವೆಲ್ಲನ್ನು ಒಗೆದಿಡಲು ಮಾಲತೇಶನ ಕೈಗೆ ಕೊಡುವಳು. ಮುಂದಿನ ನವಮಿಗೆ ಅವನು ತರಬೇಕು.

ತೊಂಬತ್ತನಾಲ್ಕರ ಆಗಸ್ಟಿನಲ್ಲಿ ಅವಳು ತೀರಿಕೊಂಡಳು. ನೋಡಲು ಬರುವ ಜನ ಶಾಂತವ್ವನನ್ನು ನೋಡಬಯಸುವರೆಂದು ಮನೆಯವರು ಮಾಲತೇಶನನ್ನು ಕರೆಸಿದರು. ಅವನು ಕೊನೆಯ ದೃಶ್ಯದ ಫೋಟೋವನ್ನು ಪಕ್ಕದಲ್ಲಿಟ್ಟುಕೊಂಡು ಅದೇ ಬಣ್ಣ ಹಚ್ಚಿದ, ಹಣೆಯ ಅದೇ ಜಾಗದಲ್ಲಿ ಟಿಕಳಿ ಇಟ್ಟ, ಎರಡು ಹೆಜ್ಜೆ ಹಿಂದೆ ಸರಿದು ಸರಿಯಾಗಿದೆಯೇ ಎಂದು ನೋಡಿದ. ಸರಿಯಾಗಿತ್ತು. ಮನೆಗೆ ಬಂದು ಉಂಡು ಮಲಗಿದ. ಅಂದಿನಿಂದ ಅವನ ಒಳಗು, ಹಲ್ಲು ಕೀಳುವ ಮುನ್ನ ಸೂಜಿ ಚುಚ್ಚಿದ ಒಸಡಿನ ಹಾಗೆ ಇದೆ. ಮುಟ್ಟಿದರೆ ಅಲ್ಲೇ ಇದೆ. ನೋವು ಮಾತ್ರ ಇಲ್ಲ.

ಹಳೆಯ ಮಾಲೀಕರು ಆ ಕೋಣೆಯನ್ನು ಯಾರಿಗೂ ಕೊಡದೆ ಕೀಲಿ ಹಾಕಿ, ಕೀಲಿಕೈಯನ್ನು ಮಾಲತೇಶನಿಗೆ ಒಪ್ಪಿಸಿದ್ದರು. ವಾರಕ್ಕೊಮ್ಮೆ ಅವನು ಹೋಗಿ ಅವಳ ಕುರ್ಚಿಯ ಹಿಂದೆ ನಿಂತು ಟಿಕಳಿ ಎಣಿಸುವನು. ಎಂಬತ್ತೇಳಾಗುತ್ತಲೇ ಬಾಗಿಲು ಹಾಕಿಕೊಂಡು ಬರುವನು. ಅಷ್ಟೇ.

ಕೋಣೆ ಉಳಿಯುವ ಒಂದು ದಾರಿ ಇತ್ತು. ಧಾರವಾಡದ ಒಂದು ಕಲಾ ಪ್ರತಿಷ್ಠಾನದ ಪರವಾಗಿ ಸುಕನ್ಯಾ ಎಂಬ ಅಧ್ಯಾಪಕಿ ಬಂದು ನೋಡಿ ಹೋಗಿದ್ದಳು. ಚಿಕ್ಕಂದಿನಲ್ಲಿ ಆ ಧಾರಾವಾಹಿ ನೋಡಿ ಬೆಳೆದವಳು. ಕನ್ನಡಿಯ ಮುಂದೆ ಬಹಳ ಹೊತ್ತು ನಿಂತಿದ್ದಳು. ಪ್ರತಿಷ್ಠಾನದವರು ಮೇಜು, ಕುರ್ಚಿ, ಕನ್ನಡಿ, ಬಲ್ಬಿನ ಚೌಕಟ್ಟು, ಬಾಗಿಲ ಸಮೇತ ಇಡೀ ಕೋಣೆಯನ್ನು ಬಿಚ್ಚಿಕೊಂಡು ಹೋಗಿ ತಮ್ಮ ಕಟ್ಟಡದಲ್ಲಿ ಮತ್ತೆ ಕೂಡಿಸಲು ಒಪ್ಪಿದ್ದರು. ಎಲ್ಲವೂ ಕಲಾವಿದೆ ಬಿಟ್ಟುಹೋದಂತೆಯೇ ಇವೆಯೆಂದು, ಅಲ್ಲಿ ದುಡಿದ ಇಬ್ಬರು ಸಹಿ ಮಾಡಿಕೊಡಬೇಕು, ಅದೂ ಭಾನುವಾರದೊಳಗೆ. ಆ ಕೋಣೆಯಲ್ಲಿ ದುಡಿದವರೇ ಇವರಿಬ್ಬರು. ಮಾಲತೇಶ ಅಂದೇ ಸಹಿ ಮಾಡಿದ. ಗುಲ್ಜಾರಬಿಯದು ಬಾಕಿ ಇತ್ತು.

ಶನಿವಾರ ಅವನು ಬೈರಿದೇವರಕೊಪ್ಪಕ್ಕೆ ಹೋದ. ಗುಲ್ಜಾರಬಿ ಹೊಲಿಗೆ ಯಂತ್ರದ ಮುಂದೆ ಕೂತು ಕುಪ್ಪಸವೊಂದಕ್ಕೆ ಹುಕ್ಕು ಹಚ್ಚುತ್ತಿದ್ದಳು. ಬಹಳ ದಿನಕ್ಕೆ ಕಂಡವನನ್ನು, ಬಣ್ಣ ಹಚ್ಚಿಸಿಕೊಳ್ಳಲು ಮಾರಿ ಸಿಗದೆ ನನ್ನ ಕಡೆ ಬಂದಿರೇನು ಎಂದು ಕೆಣಕಿದಳು. ಚಹಾ ಆಯಿತು. ಅವನು ಕಾಗದ ಬಿಚ್ಚಿ ಪಟ್ಟಿಯನ್ನು ಒಂದೊಂದಾಗಿ ಓದಿದ. ಅವಳ ಸೂಜಿ ಏಳನೆಯದಕ್ಕೆ ನಿಂತಿತು.

"ಮಾಸ್ತರ್ರ, ಅದನ್ನ ಇನ್ನೊಮ್ಮೆ ಓದ್ರಿ."

"ಕನ್ನಡಿ ಮತ್ತು ಅದರ ಮೇಲೆ ಕಲಾವಿದೆಯು ಸ್ವತಃ ಅಂಟಿಸಿದ ಎಂಬತ್ತೇಳು ಟಿಕಳಿಗಳು."

"ಇದಕ್ಕ ನಾ ಸಹಿ ಮಾಡೂದಿಲ್ರಿ."

"ಯಾಕ, ಸಹಿ ಮಾಡೂದು ಮರತೀಯೇನು?"

"ಸಹಿ ಮರತಿಲ್ಲ. ಅದನ್ನ ಮರೀಬೇಕಂದ್ರ ಆಗವಲ್ತು." ಅವಳು ಸೂಜಿಯನ್ನು ಕುಪ್ಪಸಕ್ಕೆ ಚುಚ್ಚಿ ಪಕ್ಕಕ್ಕಿಟ್ಟಳು. "ಅಕ್ಕಾರು ತೀರಿಕೊಂಡ ವರ್ಷ ಖಂಡೇನವಮಿಗೆ ನೀವು ಬರಲಿಲ್ಲ. ಮಾಲಕರ ಕಡೆ ಇದ್ದ ಇನ್ನೊಂದು ಕೀಲಿಕೈ ಇಸಕೊಂಡು ನಾ ಒಬ್ಬಾಕಿನ ಬಾಗಲಾ ತಗದೆ. ಮೇಜು ತೊಳದೆ, ಕುರ್ಚಿ ತೊಳದೆ, ಇಸ್ತ್ರಿಪೆಟ್ಟಿಗಿ ಒರಸಿದೆ. ಕನ್ನಡಿ ಮ್ಯಾಲ ಟವೆಲ್ ಇದ್ದಿದ್ದಿಲ್ರಿ. ಕೈ ತನ್ನಿಂತಾನ ಅದನ್ನೂ ತೊಳೀತು."

ಬಿಸಿನೀರು, ಸೋಡಾಪುಡಿ. ಅರಿವಾಗುವಷ್ಟರಲ್ಲಿ ಕನ್ನಡಿ ಬರಿದಾಗಿತ್ತು. ಬಕೀಟಿನಲ್ಲಿ ತೇಲುತ್ತಿದ್ದುದನ್ನೆಲ್ಲ ಅವಳು ಆರಿಸಿ ಸೆರಗಿನ ಮೇಲೆ ಒಣಗಿಸಿದಳಂತೆ. ಮೋರಿಗೆ ಹೋದದ್ದು ಹೋಯಿತು, ಎಷ್ಟೆಂದು ತಿಳಿಯದು. ಕಡಿಮೆ ಬಿದ್ದದ್ದಕ್ಕೆ ಹೊಸ ಪಾಕೀಟು ಒಡೆದು, ಗೋಂದು ಹಚ್ಚಿ, ಮೇಜಿನ ಖಾನೆಯಲ್ಲಿದ್ದ ಆಲ್ಬಮ್ಮಿನ ಫೋಟೋ ನೋಡಿಕೊಂಡು ಒಂದೊಂದಾಗಿ ಅಂಟಿಸಿದ್ದಳು. ಆ ಆಲ್ಬಮ್ಮು ಮಾಲತೇಶನದೇ. ನಿನ್ನೆ ನಿಲ್ಲಿಸಿದ ದೃಶ್ಯ ಇಂದು ಮುಂದುವರಿಯುವಾಗ ಬಣ್ಣ, ಟಿಕಳಿ, ಸೆರಗು ಕೂದಲೆಳೆಯಷ್ಟೂ ಬದಲಾಗಬಾರದೆಂದು ಅವನು ದಿನವೂ ಅಕ್ಕಾರನ್ನು ಆ ಕನ್ನಡಿಯ ಮುಂದೆ ಕೂರಿಸಿ ಫೋಟೋ ತೆಗೆದಿಡುತ್ತಿದ್ದ.

"ಮರುದಿನಾ ನಿಮಗ ಹೇಳಬೇಕಂತ ಬಂದೆ. ನೀವು ನಿಂತು ಎಣಸಾಕತ್ತಿದ್ರಿ. ಎಂಬತ್ತೇಳು ಬಂದುವು. ನಿಮ್ಮ ಮಾರಿ ನೋಡಿ ಸುಮ್ನಾದೆ."

ಆ ನವಮಿಯ ದಿನ ಮಾಲತೇಶನಿಗೆ ಜ್ವರವಿರಲಿಲ್ಲ, ಕೆಲಸವಿರಲಿಲ್ಲ. ಒಗೆದ ಟವೆಲ್ಲು ಮಡಚಿ ಮಡಿಲಲ್ಲಿಟ್ಟುಕೊಂಡು ಮನೆಯ ಕಟ್ಟೆಯ ಮೇಲೆ ಕೂತಿದ್ದ. ಏಳಬೇಕೆನಿಸಲಿಲ್ಲ, ಏಳಲಿಲ್ಲ.

"ನೀವು ಮಾಡು ಅಂದ್ರ ಮಾಡ್ತೇನ್ರಿ," ಎಂದಳು ಗುಲ್ಜಾರಬಿ. "ಖೋಲಿನರ ಉಳೀತದ."

ವಿಚಾರ ಮಾಡಿ ಹೇಳುತ್ತೇನೆಂದು ಕಾಗದ ಮಡಚಿಕೊಂಡು ಅವನು ಎದ್ದ.

ನೇರ ಸ್ಟುಡಿಯೋಕ್ಕೆ ಹೋಗಿ ಕನ್ನಡಿಯ ಸುತ್ತಲಿನ ಬಲ್ಬು ಹಾಕಿದ. ಖಾನೆಯಿಂದ ಆಲ್ಬಮ್ಮು ತೆಗೆದು ಕೊನೆಯ ದಿನದ ಫೋಟೋವನ್ನು ಕನ್ನಡಿಗೆ ಹಿಡಿದ. ಮೇಲುಗಡೆಯ ಟಿಕಳಿಗಳು ಫೋಟೋದಲ್ಲಿದ್ದಂತೆಯೇ ಚೆಲ್ಲಿಕೊಂಡಿದ್ದವು. ಕೆಳಗೆ, ಫೋಟೋದಲ್ಲಿ ಅಕ್ಕಾರ ತಲೆ ಕನ್ನಡಿಯನ್ನು ಮರೆಮಾಡಿದ್ದ ಜಾಗದಲ್ಲಿ, ಗುಲ್ಜಾರಬಿಗೆ ನೋಡಿ ಹಚ್ಚಲು ಏನೂ ಸಿಕ್ಕಿರಲಿಲ್ಲ. ಅಲ್ಲಿ ಇಪ್ಪತ್ಮೂರು ಟಿಕಳಿಗಳು ಎರಡು ಸಾಲಾಗಿ, ಬೆರಳಗಲದ ಅಂತರ ಬಿಟ್ಟು, ಕುಪ್ಪಸದ ಹುಕ್ಕುಗಳ ಹಾಗೆ ನೆಟ್ಟಗೆ ನಿಂತಿದ್ದವು.

ಟಿಕಳಿ ಎಳ್ಳುಕಾಳಿನಷ್ಟು ಸರಿದಿದೆಯೆಂದು ಕ್ಯಾಮೆರಾ ನಿಲ್ಲಿಸಿದವನು ಅವನು. ದರ್ಜಿಯ ಕೈಯ ಆ ಸಾಲುಗಳ ಮುಂದೆ ಒಂಬತ್ತು ವರ್ಷ ನಿಂತು, ಎಣಿಸಿ, ಮನೆಗೆ ಹೋಗಿದ್ದ. ಎಣಿಕೆ ಒಮ್ಮೆಯೂ ತಪ್ಪಿರಲಿಲ್ಲ. ಈಗ ಎದೆ ಹಿಂಡಬೇಕು ಎಂದುಕೊಂಡು ಕೆಲ ಹೊತ್ತು ಕಾದ. ಬಲ್ಬುಗಳ ಕಾವು ಕೆನ್ನೆಗೆ ತಾಗುತ್ತಿತ್ತು. ಬೇರೇನೂ ಆಗಲಿಲ್ಲ. ಕೊನೆಗೆ ಕುರ್ಚಿಯಲ್ಲಿ ಕೂತು, ಆ ಕುರ್ಚಿಯಲ್ಲಿ ಅವನು ಕೂತದ್ದು ಅದೇ ಮೊದಲು, ಕಾಗದ ಬಿಚ್ಚಿ ಪಟ್ಟಿಯ ಏಳನೆಯ ಸಾಲಿನ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆದ: ಇವು ಕಲಾವಿದೆ ಅಂಟಿಸಿದಂತೆ ಇಲ್ಲ, ಖಂಡೇನವಮಿಯಲ್ಲಿ ತೊಳೆದುಹೋಗಿ ಮತ್ತೆ ಅಂಟಿಸಿದವು, ಕೆಲವು ಹೊಸವು, ಯಾವುವೆಂದು ಗೊತ್ತಿಲ್ಲ.

ಭಾನುವಾರ ಸುಕನ್ಯಾ ಲಾರಿ ತೆಗೆದುಕೊಂಡೇ ಬಂದಳು. ಕಾಗದವನ್ನು ಎರಡು ಸಲ ಓದಿದಳು.

"ಕಾಕಾ, ಇದನ್ನ ನೀವು ಬರೀದಿದ್ರ ಯಾರಿಗೂ ಗೊತ್ತಾಗ್ತಿದ್ದಿಲ್ಲ."

"ನನಗೂ ಗೊತ್ತಾಗಿದ್ದಿಲ್ಲ ತಂಗಿ."

ಅವಳು ಹೊರಗೆ ಹೋಗಿ ಪ್ರತಿಷ್ಠಾನದ ಹಿರಿಯರಿಗೆ ಫೋನು ಮಾಡಿ ಬಹಳ ಹೊತ್ತು ವಾದಿಸಿದಳು. ತಿರುಗಿ ಬಂದಾಗ ಅವಳ ಕಣ್ಣು ಕೆಂಪಾಗಿತ್ತು. ಮುಖ್ಯ ವಸ್ತುವೇ ಸಂಶಯದ್ದಾದ ಮೇಲೆ ಕೋಣೆಯನ್ನು ಕೋಣೆಯೆಂದು ಇಡಲಾಗದು, ಬಿಡಿ ಸಾಮಾನುಗಳನ್ನಷ್ಟೇ ಒಯ್ಯಬಹುದು ಎಂದಿದ್ದರು. ಟಿಕಳಿಗಳನ್ನು ಕೆರೆದು ತೆಗೆದರೆ ಕನ್ನಡಿಯೂ ಆದೀತು. ಕೆರೆಯಲು ಅವಳಿಗೆ ಕೈ ಬಾರದು. ಕಾಕಾ ತೆಗೆದುಕೊಡುವರೇ ಎಂದು ಕೇಳಿದಳು. ಮಾಲತೇಶ ತಿರುಪು ಬಿಚ್ಚಿ ಕನ್ನಡಿಯನ್ನು ಗೋಡೆಯಿಂದ ಇಳಿಸಿ, ಆಲ್ಬಮ್ಮಿನ ಜೊತೆ ಬಾಗಿಲ ಹೊರಗಿಟ್ಟ. ಮೇಜು, ಕುರ್ಚಿ, ಬಲ್ಬಿನ ಚೌಕಟ್ಟು ಲಾರಿ ಏರಿದವು. ಸೋಮವಾರ ಮಧ್ಯಾಹ್ನದೊಳಗೆ ಆ ಗೋಡೆ ಇರಲಿಲ್ಲ.

ಅವನ ಬಾಡಿಗೆ ಖೋಲಿಯ ಮಣ್ಣಗೋಡೆ ಮೊಳೆ ಹಿಡಿಯುತ್ತಿರಲಿಲ್ಲ. ಕನ್ನಡಿಯನ್ನು ರಿಕ್ಷಾದಲ್ಲಿ ಬೈರಿದೇವರಕೊಪ್ಪಕ್ಕೆ ಒಯ್ದ. ಗುಲ್ಜಾರಬಿ ಏನಾಯಿತೆಂದು ಕೇಳಲಿಲ್ಲ. ಹೊಲಿಗೆ ಯಂತ್ರದ ಎದುರಿನ ಗೋಡೆಯಲ್ಲಿ ಅದಕ್ಕೆ ಜಾಗ ಮಾಡಿದಳು. ಕುಪ್ಪಸ ಹೊಲಿಸಲು ಬಂದ ಹೆಂಗಸರು ಅದರಲ್ಲಿ ನೋಡಿಕೊಳ್ಳತೊಡಗಿದರು.

ಅಕ್ಟೋಬರಿನಲ್ಲಿ ಖಂಡೇನವಮಿ ಬಂತು. ಮಾಲತೇಶ ಏಳು ಗಂಟೆಗೇ ಅವಳ ಬಾಗಿಲಲ್ಲಿದ್ದ. ಅವಳು ಕತ್ತರಿ, ಇಸ್ತ್ರಿಪೆಟ್ಟಿಗೆಗಳನ್ನು ಅಂಗಳಕ್ಕಿಟ್ಟು ಬಕೀಟಿಗೆ ನೀರು ಬಿಡುತ್ತಿದ್ದಳು. ಅವನು ಚೀಲದಿಂದ ನೀಲಿ ಅಂಚಿನ ಟವೆಲ್ಲು ತೆಗೆದು ಒಳಗೆ ಹೋಗಿ ಕನ್ನಡಿಗೆ ಹೊದಿಸಿದ.

"ಇನ್ನ ಯಾಕ್ರಿ ಮಾಸ್ತರ್ರ ಅದು? ಎಲ್ಲಾ ನಾ ಹಚ್ಚಿದ್ದುವು."

"ಯಾರು ಹಚ್ಚಿದ್ರೇನು, ತೊಳ್ಯಾಕಿ ಮತ್ತ ನೀನ ಅಲ್ಲೇನು?"

ಗುಲ್ಜಾರಬಿ ನಕ್ಕಳು. ತನಗೂ ನಗು ಬರುವುದೇನೋ ಎಂದು ಅವನು ಒಂದು ಕ್ಷಣ ನೋಡಿದ. ಬರಲಿಲ್ಲ. ಟವೆಲ್ಲಿನ ನಾಲ್ಕು ಮೂಲೆಗಳನ್ನೂ ಚೌಕಟ್ಟಿನ ಹಿಂದಕ್ಕೆ ಎಳೆದು ಗಂಟು ಹಾಕಿ, ಬಿಚ್ಚಿಕೊಳ್ಳದೆಂದು ಜಗ್ಗಿ ನೋಡಿ, ಅಂಗಳಕ್ಕೆ ಬಂದು, ಅವಳು ತೊಳೆದು ಕೊಟ್ಟ ಕತ್ತರಿಯನ್ನು ಒರೆಸತೊಡಗಿದ.