ಉತ್ತರ ಹೇಳಬಾರದ ಕೆಲಸ

ಔಷಧಿ ಪ್ರಮಾಣದ ಪ್ರಶ್ನೆಪತ್ರಿಕೆಯಲ್ಲಿ ಇಪ್ಪತ್ತು ಲೆಕ್ಕ, ಹದಿನೆಂಟು ಸರಿಯಾಗಬೇಕು. ನರ್ಸಿಂಗ್ ಕಾಲೇಜಿನಲ್ಲಿ ಬೇರೆ ಯಾವ ವಿಷಯವನ್ನಾದರೂ ತಿಪ್ಪರಲಾಗ ಹಾಕಿ ಪಾಸು ಮಾಡಬಹುದು, ಇದನ್ನಲ್ಲ. ಮೂರು ಸಲ ಫೇಲಾದರೆ ಕಾಲೇಜಿನಿಂದಲೇ ಹೆಸರು ಹೊಡೆದುಹಾಕುತ್ತಾರೆ. ಅಕ್ಕ ಎರಡು ಸಲ ಫೇಲಾಗಿದ್ದಳು. ಮೂರನೆಯದಕ್ಕೆ ಇನ್ನು ಹನ್ನೆರಡೇ ದಿನ.

ತಂಗಿ ಅದೇ ಕಾಲೇಜಿನಲ್ಲಿ ಒಂದು ವರ್ಷ ಮುಂದಿದ್ದಳು. ಅಕ್ಕನಿಗೆ ಮೂವತ್ತೊಂದು, ಇವಳಿಗೆ ಇಪ್ಪತ್ತು. ಕ್ಯಾಂಟೀನಿನಲ್ಲಿ ಎಲ್ಲರೂ ಇವಳನ್ನು ‘ಸೀನಿಯರ್ ತಂಗಿ’ ಎಂದು ಕರೆದು ನಗುತ್ತಿದ್ದರು. ಆ ಪತ್ರಿಕೆಯಲ್ಲಿ ಇವಳಿಗೆ ಇಪ್ಪತ್ತಕ್ಕೆ ಇಪ್ಪತ್ತು. ಆದರೆ ಮನೆಯಲ್ಲಿ ಇವಳು ಪುಸ್ತಕ ತೆರೆದರೆ ಸಾಕು, ಅಕ್ಕನಿಗೆ ಮೈಮೇಲೆ ಕೆಂಡ ಸುರಿದಂತಾಗುತ್ತಿತ್ತು.

“ಚಡ್ಡಿ ಹಾಕ್ಕೊಳ್ಳೋದು ಕಲಿಸಿದ್ದು ನಾನು ಕಣೇ. ನೀನು ನಂಗೆ ಲೆಕ್ಕ ಹೇಳ್ಕೊಡ್ತೀಯಾ?”

“ಚಡ್ಡಿ ಸರಿಯಾಗೇ ಹಾಕ್ಕೋತಿದೀನಲ್ಲ. ಈಗ ನೀನು ಲೆಕ್ಕ ಸರಿಯಾಗಿ ಹಾಕು.”

“ಬಾಯಿ ಮುಚ್ಚು. ಕಾಲೇಜಿನೋರು ಯಾರಾದ್ರೂ ಹೇಳ್ಕೊಟ್ರೆ ಕೂರ್ತೀನಿ. ತಂಗಿ ಮುಂದೆ ಕೂರಲ್ಲ.”

ಕಾಲೇಜಿನವರು ಹೇಳಿಕೊಡುವ ಚೆಂದವೋ! ಲೆಕ್ಚರರ್ ಪರದೆಗೆ ಮುಖ, ಕ್ಲಾಸಿಗೆ ಬೆನ್ನು ಮಾಡಿ ಅದರ ಮೇಲಿದ್ದದ್ದನ್ನು ಓದಿ ಹೊರಟುಬಿಡುತ್ತಿದ್ದ. ಎಂಬತ್ತು ಜನರಲ್ಲಿ ಐವತ್ತು ಜನ ಫೇಲು. ಆ ಬೆನ್ನಿಗೆ ಯಾರೂ ಒಂದು ಮಾತು ಅನ್ನಲಿಲ್ಲ. ಬದಲಿಗೆ ನೋಟಿಸ್ ಬೋರ್ಡಿನ ಮೇಲೆ ಒಂದು ಹಾಳೆ ಬಂತು: ಕಷ್ಟದ ವಿಷಯಗಳಿಗೆ ಪೀರ್ ಲೀಡರ್‌ಗಳು ಬೇಕಾಗಿದ್ದಾರೆ, ಪಾಸಾದ ಹಿರಿಯರು ಕಿರಿಯರ ಜೊತೆ ಕೂತು ಓದಿಸಬೇಕು. ದೊಡ್ಡವರು ಚೆಲ್ಲಿದ್ದನ್ನು ಮಕ್ಕಳು ಬಳಿಯಬೇಕು, ಅಷ್ಟೇ ತಾನೆ? ತಂಗಿಗೆ ಸಿಟ್ಟು ನೆತ್ತಿಗೇರಿತು. ಆದರೂ ಅವತ್ತೇ ಅರ್ಜಿ ಕೊಟ್ಟಳು. ಲೀಡರ್ ಆದರೆ ತಾನು ‘ಕಾಲೇಜಿನೋರು’. ಆಗ ಅಕ್ಕ ಆಡಿದ ಮಾತು ಅಕ್ಕನನ್ನೇ ಕಟ್ಟಿ ಕೂರಿಸುತ್ತದೆ.

ತರಬೇತಿ ಎರಡು ದಿನ. ಉಸ್ತುವಾರಿ ಮೇಡಂ ಕಡ್ಡಿ ಮುರಿದಂತೆ ಹೇಳಿದರು. ಜೂನಿಯರ್‌ಗಳ ಕ್ಲಾಸಿನಲ್ಲಿ ಮತ್ತೆ ಮೊದಲಿಂದ ಕೂರಬೇಕು. ಸೆಷನ್ ನಡೆಸುವಾಗ ಚಾಕ್‌ಪೀಸ್ ಮುಟ್ಟಬಾರದು, ಉತ್ತರ ಹೇಳಬಾರದು, ಮುಗಿಯುವ ತನಕ ಕೋಣೆ ಬಿಟ್ಟು ಹೋಗಬಾರದು. “ಪ್ರಶ್ನೆ ಕೇಳು. ಮನಸ್ಸಲ್ಲೇ ಹತ್ತು ಎಣಿಸು. ಆಗ್ಲೂ ಬರ್ಲಿಲ್ಲ ಅಂದ್ರೆ ಇನ್ನೂ ಚಿಕ್ಕ ಪ್ರಶ್ನೆ ಕೇಳು. ನೀನು ಟೀಚರ್ ಅಲ್ಲ.”

“ಮತ್ತೆ ನಾನ್ಯಾರು ಮೇಡಂ?”

“ಅದೇ ಗುಂಡೀಲಿ ಬಿದ್ದು ಎದ್ದು ಬಂದೋಳು.”

ಮೊದಲ ಸೆಷನ್ನೇ ತಂಗಿಗೆ ಪರೀಕ್ಷೆ, ಅದನ್ನು ಸರಿಯಾಗಿ ನಡೆಸಿದರಷ್ಟೇ ಆಯ್ಕೆ. ಮೇಡಂ ಹಿಂದಿನ ಬೆಂಚಿನಲ್ಲಿ ಗುರುತು ಹಾಕುವ ಹಾಳೆ ಹಿಡಿದು ಕೂತರು. ಹದಿನಾಲ್ಕು ಜನ ಬಂದಿದ್ದರು. ಅಕ್ಕನೂ ಬಂದಿದ್ದಳು, ಕಿಟಕಿಯ ಪಕ್ಕ, ಚೀಲವನ್ನು ತೊಡೆಯ ಮೇಲಿಟ್ಟುಕೊಂಡು. ಆಡಿದ ಮಾತಿಗೆ ತಪ್ಪುವವಳಲ್ಲ.

ಲೆಕ್ಕ ಸುಲಭದ್ದು. ಐದು ಮಿಲಿ ಸಿರಪ್ಪಿನಲ್ಲಿ ಇನ್ನೂರೈವತ್ತು ಮಿಲಿಗ್ರಾಂ ಔಷಧಿಯಿದೆ. ಮಗುವಿಗೆ ನೂರು ಮಿಲಿಗ್ರಾಂ ಕೊಡಬೇಕು. ಎಷ್ಟು ಮಿಲಿ? ಅಕ್ಕನ ಸರದಿ. ಅವಳು ಬೋರ್ಡಿನ ಮುಂದೆ ನಿಂತು ಬರೆದಳು: ಹನ್ನೆರಡೂವರೆ.

“ನೂರು ಅಂದ್ರೆ ಇನ್ನೂರೈವತ್ತಕ್ಕಿಂತ ಜಾಸ್ತಿನಾ, ಕಮ್ಮಿನಾ?” ತಂಗಿ ಕೇಳಿದಳು.

ಒಂದು, ಎರಡು, ಮೂರು. ಅಕ್ಕನ ಬೆನ್ನು ಅಲುಗಲಿಲ್ಲ. ಏಳು, ಎಂಟು. ಹಿಂದೆ ಯಾರೋ ಪೆನ್ನು ಕುಟ್ಟುತ್ತಿದ್ದರು. ಹತ್ತು. ಇನ್ನೂ ಚಿಕ್ಕ ಪ್ರಶ್ನೆ, ಇನ್ನೂ ಚಿಕ್ಕದು... ತಂಗಿಯ ನಾಲಿಗೆ ಹಿಡಿತ ತಪ್ಪಿತು.

“ಅಕ್ಕಾ, ಆಸ್ಪತ್ರೆ ಲಾಂಡ್ರೀಲಿ ಬೆಡ್‌ಶೀಟ್ ಒಗೀವಾಗ ನೀನು ಬ್ಲೀಚ್ ಬೆರೆಸ್ತಿರ್ಲಿಲ್ವಾ? ಹಾಗೇ ಯೋಚ್ನೆ ಮಾಡು.”

ಪೆನ್ನು ಕುಟ್ಟುವುದು ನಿಂತಿತು. ‘ಹನ್ನೊಂದು ವರ್ಷ ಆಸ್ಪತ್ರೇಲಿ ಕೆಲ್ಸದಲ್ಲಿದ್ದೆ’ ಎಂದಷ್ಟೇ ಅಕ್ಕ ಇವರಿಗೆಲ್ಲ ಹೇಳಿದ್ದಳು. ಅದು ಸುಳ್ಳೂ ಆಗಿರಲಿಲ್ಲ.

“ಓಹೋ, ಅದಕ್ಕೇನಾ ಯೂನಿಫಾರ್ಮ್ ಅಷ್ಟು ಬೆಳ್ಳಗಿರೋದು!” ಒಬ್ಬ ಅಂದ. ನಾಲ್ಕು ಜನ ನಕ್ಕರು.

ಅಕ್ಕ ಚಾಕ್‌ಪೀಸನ್ನು ಅದರ ಜಾಗದಲ್ಲಿಟ್ಟಳು, ಕೈ ಕೊಡವಿಕೊಂಡಳು, ಚೀಲ ಎತ್ತಿಕೊಂಡು ಹೊರಟುಹೋದಳು. ತಂಗಿಯ ಕಾಲು ಬಾಗಿಲ ಕಡೆ ತಿರುಗಿತು. ಈಗ ಕೋಣೆ ಬಿಟ್ಟರೆ ಕೆಲಸವಿಲ್ಲ, ಕೆಲಸವಿಲ್ಲದಿದ್ದರೆ ಅಕ್ಕನನ್ನು ಕೂರಿಸುವ ದಾರಿಯೇ ಇಲ್ಲ. ಅವಳು ನಿಂತಲ್ಲೇ ನಿಂತು, ನಕ್ಕವನನ್ನೇ ಬೋರ್ಡಿಗೆ ಕರೆದಳು. ಅವನಿಗೂ ಬರಲಿಲ್ಲ. ಅದರಿಂದೇನೂ ತಂಗಿಯ ಮನಸ್ಸು ತಂಪಾಗಲಿಲ್ಲ.

“ಸೆಷನ್ ಮುಗಿಸಿದೆಯಲ್ಲ, ಆಯ್ಕೆ ಆಗಿದೀಯ,” ಎಂದರು ಮೇಡಂ. “ಆದ್ರೆ ಒಬ್ಬರ ಬದುಕು ತೆಗೆದು ಬೋರ್ಡಿಗೆ ಹಾಕ್ಬೇಡ.”

ಆ ಸಂಜೆ ಅಕ್ಕ ಇಸ್ತ್ರಿ ಮಾಡುತ್ತ ತಲೆ ಎತ್ತಲಿಲ್ಲ.

“ತಪ್ಪಾಯ್ತು ಅಕ್ಕಾ.”

“ಆ ಕೆಲ್ಸಕ್ಕೆ ನಂಗೇನೂ ನಾಚಿಕೆ ಇಲ್ಲ. ಆದ್ರೆ ಅದನ್ನ ಹೇಳ್ಬೇಕಾದ್ದು ನನ್ನ ಬಾಯಿ, ನಿಂದಲ್ಲ.”

ಉಳಿದ ನಾಲ್ಕು ಸೆಷನ್ನಿಗೂ ಅಕ್ಕ ಬರಲಿಲ್ಲ. ತಂಗಿ ಅಭ್ಯಾಸದ ಹಾಳೆಗಳನ್ನು ಕದ್ದು ಅವಳ ಚೀಲದಲ್ಲಿಟ್ಟಳು. ಮರುದಿನ ಅವು ನಾಲ್ಕು ಮಡಿಕೆಯಾಗಿ ಕುಂಟು ಮೇಜಿನ ಕಾಲ ಕೆಳಗಿದ್ದವು. ಅಕ್ಕ ಒಬ್ಬಳೇ ಓದಿದಳು, ಬಾಗಿಲು ಹಾಕಿಕೊಂಡು, ತುಟಿ ಕಚ್ಚಿಕೊಂಡು. ಗೋಡೆಯಾಚೆ ತಂಗಿ ಕೈಕಟ್ಟಿ ಕೂತಳು. ಕಾಲೇಜಿನಲ್ಲಿ ಕಿರಿಯರು ಒಬ್ಬೊಬ್ಬರೇ ಬಂದು “ನಂಗೆ ಈಗ ಬರುತ್ತೆ ಲೀಡರ್!” ಎನ್ನುವಾಗ ಅವಳಿಗೆ ಅಳು ಬರುತ್ತಿತ್ತು.

ಪರೀಕ್ಷೆಯ ದಿನ ತಂಗಿ ಮೆಟ್ಟಿಲ ಮೇಲೆ ಕಾದಳು. ಅಕ್ಕ ಕೊನೆಯವಳಾಗಿ ಹೊರಬಂದಳು, ಪಕ್ಕದಲ್ಲೇ ಕುಕ್ಕರಿಸಿ ಪ್ರಶ್ನೆಪತ್ರಿಕೆ ಮುಂದೆ ಹಿಡಿದಳು. ಅಂಚಿನಲ್ಲಿ ಪೆನ್ಸಿಲಿನಿಂದ ಉತ್ತರ ಗುರುತು ಹಾಕಿಕೊಂಡಿದ್ದಳು.

“ನೋಡು.”

ತಂಗಿ ನೋಡಿದಳು. ಐದರವರೆಗೆ ಎಲ್ಲ ಸರಿ. ಆರನೆಯದು ತಪ್ಪು. ಹನ್ನೊಂದು ತಪ್ಪು. ಇನ್ನು ಒಂದೂ ತಪ್ಪುವಂತಿಲ್ಲ. ಹನ್ನೆರಡು, ಹದಿಮೂರು, ಹದಿನಾಲ್ಕು... ಹದಿನೇಳು. ಅವಳ ಬೆರಳು ಅಲ್ಲಿ ನಿಂತು, ಆಮೇಲೆ ಕೊನೆಯವರೆಗೆ ಜಾರಿತು.

“ಎಷ್ಟು ಹೋಯ್ತು?”

“ಮೂರು.”

ಅಕ್ಕ ಉಸಿರು ಬಿಟ್ಟಳು. ಕೆಳಗೆ ಹುಡುಗಿಯರು ಕಿಲಕಿಲ ನಗುತ್ತ ಗೇಟು ದಾಟುತ್ತಿದ್ದರು. ಅಕ್ಕ ಹದಿನೇಳರ ಮೇಲೆ ಬೆರಳಿಟ್ಟಳು: “ಇದನ್ನ ಹೇಗೆ ಮಾಡೋದು?”

ಇನ್ನೇನು ಪ್ರಯೋಜನ ಎನ್ನದೆ ತಂಗಿ ಲೆಕ್ಕ ಓದಿದಳು. ಹತ್ತು ಗಂಟೆಯಲ್ಲಿ ಆರುನೂರು ಮಿಲಿ ಡ್ರಿಪ್ ಹೋಗಬೇಕು, ಒಂದು ಮಿಲಿಗೆ ಇಪ್ಪತ್ತು ಹನಿ. ನಿಮಿಷಕ್ಕೆ ಎಷ್ಟು ಹನಿ? ಅಕ್ಕ ಸಾವಿರದ ಇನ್ನೂರು ಎಂದು ಬರೆದಿದ್ದಳು.

“ನಿಮಿಷಕ್ಕೆ ಸಾವಿರದ ಇನ್ನೂರು ಹನಿ ಬಿದ್ರೆ ಹೇಗಿರುತ್ತೆ?”

“ನಲ್ಲಿ ಬಿಟ್ಟ ಹಾಗೆ.” ಅಕ್ಕ ಹಣೆ ಚಚ್ಚಿಕೊಂಡಳು. “ಅಯ್ಯೋ ನನ್ನ ಬುದ್ಧಿಗಿಷ್ಟು! ಇದು ಒಂದು ಗಂಟೇದು. ನಿಮಿಷಕ್ಕೆ ಅಂದ್ರೆ ಅರವತ್ತರಿಂದ ಭಾಗಿಸ್ಬೇಕು. ಇಪ್ಪತ್ತು. ಇಪ್ಪತ್ತೇ ಹನಿ, ಅಲ್ವಾ?”

ತಂಗಿ ಹೌದೆಂದು ತಲೆಯಾಡಿಸಿದಳು. ಮುಖ ಎತ್ತಲಾಗಲಿಲ್ಲ. ಮೇಲಿನ ಕೋಣೆಯಲ್ಲಿ ಉತ್ತರಪತ್ರಿಕೆಗಳನ್ನು ಕಟ್ಟು ಕಟ್ಟುವ ಸದ್ದು ಕೇಳುತ್ತಿತ್ತು.

ಅಕ್ಕ ಪೆನ್ಸಿಲಿನಿಂದ ಆ ಸಂಖ್ಯೆ ಹೊಡೆದು, ಇಪ್ಪತ್ತು ಎಂದು ಒತ್ತಿ ಬರೆದಳು. ಹಾಳೆ ಹಿಂದಕ್ಕೆ ತಿರುವಿದಳು.

“ಈಗ ಆರನೇದು ಕೇಳು.”