ಮೋರೆಯ ತಪ್ಪಲ್ಲ

ಅದು ಬಂದ ದಿನ ಚೀಟಿಯಲ್ಲಿದ್ದ 'ಮೊರೇ' ಎಂಬ ಜಾತಿಹೆಸರನ್ನು ಅಣ್ಣ 'ಮೋರೆ' ಎಂದು ಓದಿದ. "ಎಂಥಾ ಮೋರೆನಪ್ಪಾ ಇದು!" ಎಂದು ನಕ್ಕ. ಹವಳದ ತೊಟ್ಟಿಯ ಹಾವುಮೀನಿಗೆ ಅದೇ ಹೆಸರು ಅಂಟಿಕೊಂಡಿತು.

ಮತ್ಸ್ಯಾಲಯದಲ್ಲಿ ಅಣ್ಣ ಮೀನುಗಳಿಗೆ ಆಹಾರ ಹಾಕುವವನು, ನಾನು ಗಾಜು ಒರೆಸುವವಳು. ಮೋರೆ ಹಗಲೆಲ್ಲ ಬಂಡೆಯ ಬಿಲದಲ್ಲಿ ಮೈ ಅಡಗಿಸಿ, ತಲೆ ಮಾತ್ರ ಹೊರಗಿಟ್ಟು, ಬಾಯಿ ತೆರೆದು ಮುಚ್ಚುತ್ತಿರುತ್ತದೆ. ನೋಡುವವರು ಬೆಚ್ಚಿಬೀಳುತ್ತಾರೆ. "ಸಿಟ್ಟಲ್ಲ ರೀ, ಉಸಿರಾಡ್ತಿದೆ ಅಷ್ಟೇ" ಎಂದು ಹೇಳಿ ಹೇಳಿ ನನ್ನ ಗಂಟಲು ಒಣಗಿದೆ. ಅದಕ್ಕೆ ಕಣ್ಣು ಮಂದ, ಮೂಗೇ ಎಲ್ಲ. ಗಂಟಲೊಳಗೆ ಇನ್ನೊಂದು ಜೊತೆ ದವಡೆ ಬೇರೆ. ಮುಂದಿನ ಹಲ್ಲು ಕಚ್ಚಿದ್ದನ್ನು ಅದು ಒಳಗೆಳೆಯುತ್ತದೆ. ಸಿಕ್ಕಿದ್ದು ಬಿಡಿಸಿಕೊಳ್ಳುವುದು ಕಷ್ಟ.

ಇಕ್ಕಳದಲ್ಲೇ ತಿನ್ನಿಸಬೇಕು ಎಂಬುದು ನಿಯಮ. ಅಣ್ಣನಿಗೋ ಜನರ ಚಪ್ಪಾಳೆಯ ಹುಚ್ಚು, ಕೈಯಲ್ಲೇ ತಿನ್ನಿಸುತ್ತಿದ್ದ. "ಅದಕ್ಕೆ ನನ್ನ ಗುರುತಿದೆ ಕಣೇ" ಎನ್ನುತ್ತಿದ್ದ. ಬೈದು ಬೈದು ನನಗೇ ಸಾಕಾಗಿತ್ತು. ಸೋಮವಾರ ಮೀನಿನ ತುಂಡು ಮುಗಿದರೂ ಕೈ ನೀರಿನಲ್ಲೇ ಇತ್ತು. ವಾಸನೆ ಹಿಡಿದು ಬಂದ ಮೋರೆ ಹೆಬ್ಬೆರಳನ್ನೇ ಕಿತ್ತುಕೊಂಡು ಹೋಯಿತು.

ವಾರ ಕಳೆದ ಮೇಲೆ ಮ್ಯಾನೇಜರು ಇಬ್ಬರನ್ನೂ ಕರೆಸಿದರು. "ಸುಮ್ಮಸುಮ್ಮನೆ ಮನುಷ್ಯರ ಮೇಲೆ ಬೀಳೋ ಪ್ರಾಣೀನ ಇಟ್ಕೊಳ್ಳೋಕಾಗಲ್ಲ, ಕೊಲ್ಲಲೇಬೇಕು. ನಿಯಮ ಮುರಿದಿದ್ದು ಇವನಾದ್ರೆ ಮೀನು ಉಳಿಯುತ್ತೆ, ಇವನ ಕೆಲಸ ಹೋಗುತ್ತೆ. ನೀನು ಕಂಡಿದ್ದೇನಮ್ಮ?"

"ಇಕ್ಕಳ ಹಿಡಿದಿದ್ದ ಸರ್," ಎಂದುಬಿಟ್ಟೆ. ಮೀನಿಗಿಂತ ನನಗೆ ನನ್ನಣ್ಣ ಹೆಚ್ಚಲ್ಲವೇ?

ಅಣ್ಣ ಬ್ಯಾಂಡೇಜು ಸುತ್ತಿದ ಕೈಯನ್ನು ಮೇಜಿನ ಮೇಲಿಟ್ಟ. "ಸುಳ್ಳು ಸರ್. ಇವಳು ನನ್ನ ಉಳಿಸೋಕೆ ಹೇಳ್ತಿದ್ದಾಳೆ. ಬರಿಗೈ ಹಾಕಿದ್ದು ನಾನು. ಮೋರೆದೇನೂ ತಪ್ಪಿಲ್ಲ."

ಹೊರಗೆ ಬಂದ ಮೇಲೆ ನನಗೆ ತಡೆಯಲಾಗಲಿಲ್ಲ. "ಹದಿನೆಂಟು ವರ್ಷದ ಕೆಲಸ ಕಣೋ! ಒಂದು ಮೀನಿಗೋಸ್ಕರ? ನಿನಗೇನು ತಲೆ ಕೆಟ್ಟಿದೆಯಾ?" ಎಂದು ಅಳುತ್ತಲೇ ಕೂಗಾಡಿದೆ. ಅವನು ತೊಟ್ಟಿಯ ಕಡೆ ನಡೆದ.

ಗಾಜಿಗೆ ಹಣೆ ಒತ್ತಿ ನಿಂತ. ಮೋರೆ ಬಾಯಿ ತೆರೆಯಿತು, ಮುಚ್ಚಿತು. ಗಾಜು ದಾಟಿ ವಾಸನೆ ಹೋಗುವುದಿಲ್ಲ.

"ಇದಕ್ಕೆ ನನ್ನ ಗುರುತೇ ಇಲ್ವಲ್ಲೇ," ಎಂದ.

ಬಂದವರಿಗೆಲ್ಲ ಉಸಿರಾಟದ ಪಾಠ ಹೇಳುವ ನಾನು ಅವನ ಪಕ್ಕ ಹೋಗಿ ನಿಂತೆ. "ಇದೆ ಅಣ್ಣಾ. ನೋಡು, ನಿನ್ನನ್ನೇ ಕರೀತಿದೆ."

ಈ ಸುಳ್ಳನ್ನು ಮಾತ್ರ ಅವನು ತಿದ್ದಲಿಲ್ಲ.