ಕುಂಕುಮ ಹಚ್ಚಿದ ಹಾರ್ಡ್ ಡಿಸ್ಕ್

ಸಂಘದ ಕಂಪ್ಯೂಟರಿನಲ್ಲಿದ್ದ ಒಂಬೈನೂರ ನಲವತ್ತು ಸೆರಗಿನ ನಕ್ಷೆಗಳು ಹಾಳಾದವು. ಹಾಳು ಮಾಡಿದವಳು ಆಪರೇಟರ್ ಮುಬಶೀರಾ ಎಂದು ಬರೆದ ಕಾಗದವನ್ನು ಇಳಕಲ್ಲಿನ ನೇಕಾರರ ಸಂಘದ ಆಡಳಿತ ಮಂಡಳಿಯವರು ಸಂಘದ ಬಾಗಿಲಿಗೆ ಅಂಟಿಸಿದರು. ಅಂಟಿಸುವ ಮೊದಲು ಅವಳನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಹಾಳಾದದ್ದು ಹೀಗೆ. ಅಧ್ಯಕ್ಷ ರಾಜಕುಮಾರನಿಗೆ ಒಂದು ಇ-ಮೇಲ್ ಬಂತು: ‘ನೇಕಾರ ಕುಲದ ಮಹಾಪೋಷಕ ಪ್ರಶಸ್ತಿಗೆ ತಾವು ಆಯ್ಕೆಯಾಗಿದ್ದೀರಿ. ಪತ್ರ ತೆರೆದು ನೋಡಿ.’ ಮಗ್ಗದ ಕುಣಿಯಲ್ಲಿ ಒಂದು ದಿನವೂ ಕಾಲಿಳಿಸದ ಮನುಷ್ಯನಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಇಷ್ಟು ತಡವಾಗಿ ಬಂತಲ್ಲ ಎಂಬ ಸಿಟ್ಟು ಮಾತ್ರ ಇತ್ತು. ಮುಬಶೀರಾಳನ್ನು ಕುರ್ಚಿಯಿಂದ ಎಬ್ಬಿಸಿ, ತಾನೇ ಕೂತು ತೆರೆದ. ಒಂದು ತಾಸಿನೊಳಗೆ ಒಂದೊಂದು ನಕ್ಷೆಗೂ ಬೀಗ ಬಿತ್ತು. ಬೀಗ ತೆಗೆಯಬೇಕಾದರೆ ದುಡ್ಡು ಕಳಿಸಿ ಎಂದು ಪರದೆಯ ಮೇಲೆ ಕೆಂಪಕ್ಷರಗಳು ಕೂತವು.

ಇಂಥದ್ದನ್ನು ತೆರೆಯಬಾರದೆಂದು ಹೇಳಿಕೊಡಲು ಹಿಂದಿನ ವರ್ಷ ಬಾಗಲಕೋಟೆಯಿಂದ ಒಬ್ಬರು ಬಂದಿದ್ದರು. ಬ್ಯಾಕಪ್ ಎಂದರೆ ಇದ್ದದ್ದರ ಇನ್ನೊಂದು ಪ್ರತಿ, ಅದು ಬೇರೆ ಜಾಗದಲ್ಲಿರಬೇಕು, ರಿಸ್ಟೋರ್ ಎಂದರೆ ಆ ಪ್ರತಿಯಿಂದ ಕಳೆದದ್ದನ್ನು ಮರಳಿ ತರುವುದು, ತರಲು ಆಗುತ್ತದೋ ಇಲ್ಲವೋ ಆಗಾಗ ಮಾಡಿ ನೋಡಬೇಕು, ಪಾಸ್‌ವರ್ಡ್ ಗುಟ್ಟಾಗಿರಬೇಕು. ಇಷ್ಟನ್ನು ಅವರು ಎರಡು ತಾಸು ಬಿಡಿಸಿ ಹೇಳಿದರು. ಮಂಡಳಿಯವರು ಉಪ್ಪಿಟ್ಟು ತಿಂದರು, ಶಾಲು ಹೊದಿಸಿದರು, ಫೋಟೋ ತೆಗೆಸಿಕೊಂಡರು. ಬರೆದುಕೊಂಡವಳು ಮುಬಶೀರಾ ಒಬ್ಬಳೇ. ಮರುದಿನ ಅಧ್ಯಕ್ಷ ತನ್ನ ಹೆಸರನ್ನೇ ಪಾಸ್‌ವರ್ಡ್ ಮಾಡಿಸಿ, ಮರೆಯಬಾರದೆಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿದ. ಬ್ಯಾಕಪ್ಪಿಗೆಂದು ಒಂದು ಹಾರ್ಡ್ ಡಿಸ್ಕ್ ತರಿಸಿದ. ಎಲ್ಲ ಕಂಪ್ಯೂಟರಿನೊಳಗೆ ಬಂತಲ್ಲ ಎಂದು, ನೇಕಾರರು ಕೈಯಾರೆ ಚೌಕಳಿ ಕಾಗದದ ಮೇಲೆ ಬರೆದಿದ್ದ ನಕ್ಷೆಗಳನ್ನು ರದ್ದಿಗೆ ಹಾಕಿಸಿದ.

ಆಮೇಲೆ ಖಂಡೇನವಮಿ ಬಂತು. ಆ ದಿನ ನೇಕಾರರು ಮಗ್ಗದ ಲಾಳಿ, ಹಣಿಗೆಗಳನ್ನು ಪೂಜೆಗಿಡುತ್ತಾರೆ, ಮಗ್ಗ ಮುಟ್ಟುವುದಿಲ್ಲ. ಇಷ್ಟನ್ನು ಅಧ್ಯಕ್ಷ ಎಲ್ಲೋ ಕೇಳಿದ್ದ. ಹಾರ್ಡ್ ಡಿಸ್ಕಿಗೆ ಕುಂಕುಮ ಮೆತ್ತಿ, ಹೂವಿನ ಮಾಲೆ ಸುತ್ತಿ, ಮಂಡಳಿಯ ಕೋಣೆಯ ಗೋಡೆಯಲ್ಲಿದ್ದ ದೇವರ ಮಾಡದಲ್ಲಿ ಕೂಡ್ರಿಸಿದ. ಎಂಟು ದಿನವಾದ ಮೇಲೆ ಮುಬಶೀರಾ ಕೇಳಿದಾಗ, “ಪೂಜಿ ಆದದ್ದು ಯಾರೂ ಮುಟ್ಟಬಾರದು. ನೀ ಅಂತೂ ಮುಟ್ಟಲೇಬ್ಯಾಡ” ಅಂದ. ಆ ‘ಅಂತೂ’ ಯಾಕೆಂದು ಕೇಳುವ ಗಂಡಸು ಆ ಕೋಣೆಯಲ್ಲಿರಲಿಲ್ಲ. ಅವತ್ತಿನಿಂದ ಆ ಡಿಸ್ಕಿಗೆ ದಿನಾ ಊದಿನಕಡ್ಡಿಯ ಬೂದಿ ಬಿತ್ತು. ನಕ್ಷೆ ಒಂದೂ ಬೀಳಲಿಲ್ಲ.

ಈಗ ಮಂಡಳಿಯ ಕೋಣೆಯಲ್ಲಿ, ಅಧ್ಯಕ್ಷನ ಎದುರಿಗೇ, ಕಾರ್ಯದರ್ಶಿ ಬಾಬಣ್ಣ ಟೈಪು ಮಾಡಿದ ಹಾಳೆಯನ್ನು ಮುಬಶೀರಾಳ ಮುಂದೆ ಸರಿಸಿದ. ‘ನನ್ನ ನಿರ್ಲಕ್ಷ್ಯದಿಂದ ನಕ್ಷೆಗಳು ನಾಶವಾಗಿರುತ್ತವೆ’ ಎಂದಿತ್ತು. ಸಾಕ್ಷಿಗೆ ಸಹಿ ಬೇಕೆಂದು ಮಂಡಳಿಯ ಒಬ್ಬಳೇ ಹೆಣ್ಣು ಸದಸ್ಯೆ, ಎಪ್ಪತ್ತರ ನೇಕಾರತಿ ಶೇಖವ್ವನನ್ನು ಕರೆಸಿದ್ದರು.

“ದಿನಾ ಬ್ಯಾಕಪ್ ತಗೊಂಡಿದ್ದಕ್ಕ ರಿಜಿಸ್ಟರಿನ್ಯಾಗ ಅಧ್ಯಕ್ಷರ ಸಹಿ ಐತಿ ನೋಡು” ಅಂದ ಬಾಬಣ್ಣ. “ಅವ್ರ ಕಡೆಯಿಂದ ಏನೂ ತಪ್ಪಿಲ್ಲ.”

ಮುಬಶೀರಾ ರಿಜಿಸ್ಟರ್ ತಿರುಗಿಸಿದಳು. “ಬಾಬಣ್ಣಾರ, ಇವತ್ತು ತಾರೀಖೆಷ್ಟ್ರಿ?”

“ಹತ್ತು.”

“ಮೂವತ್ತರ ತನಕಾ ಸಹಿ ಆಗೇತ್ರಿ. ನಾಳಿಂದೂ ತಗೊಂಡಾರ, ನಾಡ್ದಿಂದೂ ತಗೊಂಡಾರ.”

ಶೇಖವ್ವ ಸೆರಗು ಬಾಯಿಗಿಟ್ಟು ನಕ್ಕಳು. “ಭಾಳ ಚುರುಕಿನ ಅಧ್ಯಕ್ಷ ಬಿಡಪಾ ನಮ್ಮ ರಾಜೂ!”

“ಆಯಿ, ನೀವು ಸುಮ್ನಿರ್ರಿ. ಇದು ಕಂಪ್ಯೂಟರ್ ಮಾತು, ನಿಮಗ ತಿಳಿಯಂಗಿಲ್ಲ” ಅಂದ ರಾಜಕುಮಾರ.

“ತಿಳಿದಷ್ಟು ಹೇಳ್ತೇನಿ ಕೇಳು. ನಮ್ಮತ್ತಿ ಹೊಸಾ ಸೆರಗು ನೇಯ್ದಾಗೆಲ್ಲಾ ಒಂದು ಗೇಣು ಹೆಚ್ಚಿಗಿ ನೇಯ್ತಿದ್ಲು. ಆ ತುಣುಕು ಕತ್ತರಿಸಿ ಕಮತಗಿಗೆ, ನನ್ನ ತವರಮನಿ ಟ್ರಂಕಿಗೆ ಕಳಸ್ತಿದ್ಲು. ಇಲ್ಲಿ ಮನಿಗೆ ಬೆಂಕಿ ಬಿದ್ರೂ ಅಲ್ಲಿ ನಕ್ಷಿ ಉಳೀಲಿ ಅಂತ. ಸಾಲಿ ಮೆಟ್ಟಲಾ ಹತ್ತಿದಾಕಿ ಅಲ್ಲ ಆಕಿ. ಖಂಡೇನವಮಿಗೆ ಲಾಳಿ ಇಟ್ರ ದಸರಾದ ಬನ್ನಿ ಕೊಟ್ಟ ಮರುದಿನಾನ ತಿರುಗಿ ಹಿಡೀತೀವಿ. ನೇಕಾರ್ರ ಅಧ್ಯಕ್ಷ ಆಗಿ ಅಷ್ಟೂ ಗೊತ್ತಿಲ್ಲೇನೋ ನಿನಗ?”

ರಾಜಕುಮಾರನ ಮುಖ ಒಮ್ಮೆಲೆ ಅರಳಿತು. “ಹಂಗಾರ ನಕ್ಷಿ ಅದಾವಂದಂಗಾತು!”

“ನನ್ನವು ಇಪ್ಪತ್ತಾರು ಅದಾವ. ನೀ ರದ್ದಿಗೆ ಹಾಕ್ಸಿದ ಉಳಿದ ಮಂದೀವು?”

ರಾಜಕುಮಾರ ಉತ್ತರವಿಲ್ಲದ ದೊಡ್ಡವರು ಮಾಡುವುದನ್ನೇ ಮಾಡಿದ. ಸಣ್ಣವರ ಕಡೆ ತಿರುಗಿದ.

“ಮುಬಶೀರಾ, ನೋಡು, ನಿನ್ನ ಮ್ಯಾಲೆ ನನಗೇನು ಸಿಟ್ಟಿಲ್ಲ. ಸಹಿ ಹಾಕು, ಮ್ಯಾಲಿನವ್ರಿಗೆ ಕಳಸ್ತೇನಿ. ಎರಡು ತಿಂಗಳು ಮನ್ಯಾಗ ಕೂಡು, ಆಮ್ಯಾಲೆ ಮತ್ತ ಕರ್ಕೋತೇನಿ. ಹಾಕದಿದ್ರ ಹುನಗುಂದದಿಂದ ಇಳಕಲ್ಲ ತನಕ ನಿನ್ನ ಯಾವ ಆಫೀಸಿನವ್ರೂ ಒಳಗ ಬಿಟ್ಕೊಳ್ಳಂಗಿಲ್ಲ.”

“ಡಿಸ್ಕ್ ಕೊಡ್ರಿ, ಬ್ಯಾಕಪ್ ನಿಂತೈತಿ ಅಂತ ನಾ ಮೂರು ಸಲ ಬರದು ಕೊಟ್ಟೇನ್ರಿ.”

“ಎಲ್ಲೈತಿ? ಫೈಲಿನ್ಯಾಗ ಇಲ್ಲಲ್ಲ?” ಅಂದ ಬಾಬಣ್ಣ, ಅದನ್ನು ಫೈಲಿನಿಂದ ಕಿತ್ತು ತೆಗೆದವನಿಗಷ್ಟೇ ಇರುವ ಧೈರ್ಯದಿಂದ.

“ನಿಮ್ಮ ಫೈಲಿನ್ಯಾಗ ಇಲ್ರಿ. ನೀವಾ ‘ಮುಟ್ಟೇತಿ’ ಅಂತ ಸಂಘದ ಸಿಕ್ಕಾ ಹೊಡದು ಕೊಟ್ಟ ಪ್ರತಿ ನನ್ನ ಹತ್ರ ಐತಿ. ಸಂಘದಾಗಲ್ಲ, ನಮ್ಮ ಮನ್ಯಾಗೂ ಅಲ್ಲ.”

ಶೇಖವ್ವ ಎಲೆ ಅಡಿಕೆಯ ಚೀಲ ಬಿಚ್ಚಿದಳು. “ಕಮತಗ್ಯಾಗ ಐತಿ. ಸೆರಗಿನ ತುಣುಕಿನ ಕೆಳಗ.”

ಬಾಬಣ್ಣ ಅಧ್ಯಕ್ಷನ ಮುಖ ನೋಡಿದ. ಅಧ್ಯಕ್ಷ ಮಾಡದಲ್ಲಿದ್ದ ಡಿಸ್ಕಿನ ಕಡೆ ನೋಡಿದ. ಒಣಗಿದ ಚೆಂಡುಹೂವಿನ ಕೆಳಗೆ ಅದು ಕೆಂಪಗೆ ಕೂತಿತ್ತು.

“ಆ ಪ್ರತಿ ತರಿಸಿ ನನ್ನ ಕೈಯಾಗ ಕೊಡು” ಎಂದು ಅಧ್ಯಕ್ಷ ಪೆನ್ನು ಮುಂದೆ ಹಿಡಿದ. “ಮೊದಲ ಇದಕ್ಕ ಸಹಿ ಹಾಕು.”

ಮುಬಶೀರಾ ಪೆನ್ನು ತೆಗೆದುಕೊಂಡಳು. ಅದರ ಟೋಪಿ ಹಾಕಿ, ರಿಜಿಸ್ಟರಿನ ಮೂವತ್ತನೇ ತಾರೀಖಿನ ಸಹಿಯ ಮೇಲೆ ಅಡ್ಡ ಇಟ್ಟಳು.

“ಹಾಕಂಗಿಲ್ರಿ.”

“ನಾ ಅಧ್ಯಕ್ಷ ಹೇಳಾಕತ್ತೇನಿ, ಹಾಕು!”

“ಹಾಕಂಗಿಲ್ಲ. ಆ ಕಾಗದಾನೂ ಕೊಡಂಗಿಲ್ಲ.”